ಗಡಿಯ ಕಟ್ಟಡವೂ ಕ್ಷೇಮಧರ್ಮವೂ

ಕಟ್ಟುವುದು ದೊಡ್ಡದೋ, ಕಟ್ಟಿದುದನ್ನು ಉಳಿಸಿಕೊಳ್ಳುವುದು ದೊಡ್ಡದೋ ಎಂಬ ಪ್ರಶ್ನೆಗೆ ಲೋಕವು ಬಾಯಿಂದ ಕೊಡುವ ಉತ್ತರ ಒಂದು, ನಡತೆಯಿಂದ ಕೊಡುವ ಉತ್ತರ ಇನ್ನೊಂದು. ಎರಡೂ ಬೇಕೆಂದು ಬಾಯಿ ಹೇಳುತ್ತದೆ. ನಡತೆಯಾದರೋ ಕಟ್ಟುವವನಿಗೆ ಮಾತ್ರ ಹಾರ ಹಾಕುತ್ತದೆ. ಅಡಿಗಲ್ಲಿನ ಸಮಾರಂಭಕ್ಕೆ ಚಪ್ಪರವುಂಟು, ಭಾಷಣವುಂಟು, ಹೆಸರು ಕೆತ್ತಿದ ಕಲ್ಲುಂಟು. ಸೇತುವೆಯ ನೀರುಗಂಡಿಯಲ್ಲಿ ಸಿಕ್ಕಿದ ಮಣ್ಣನ್ನು ಕಡ್ಡಿಯಿಂದ ಕೆದಕಿ ತೆಗೆದವನಿಗೆ ಯಾವ ಕಲ್ಲೂ ಇಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಾವೆಲ್ಲರೂ ಮಕ್ಕಳಿಗೆ ಬರೆಸುತ್ತೇವೆ. ಕಟ್ಟಿದ ಮನೆಯನ್ನು ನಲವತ್ತು ಮಳೆಗಾಲ ಸೋರದಂತೆ ನೋಡಿಕೊಂಡವನ ಬಗೆಗೆ ಅಂತಹ ಹೆಸರಾದ ಗಾದೆಯೊಂದನ್ನು ಬರೆಸಿದ ನೆನಪು ನನಗಂತೂ ಇಲ್ಲ.

ಆದರೆ ನಮ್ಮ ಹಿರಿಯರ ವಿಚಾರದಲ್ಲಿ ಈ ಕೊರತೆ ಇರಲಿಲ್ಲ. ‘ಯೋಗಕ್ಷೇಮ’ ಎಂಬ ಮಾತನ್ನು ನಾವು ಈಗ ಕಾಗದದ ಮೊದಲ ಸಾಲಿನಲ್ಲಿ ಕುಶಲಪ್ರಶ್ನೆಯಾಗಿ ಮಾತ್ರ ಬಳಸುತ್ತೇವೆ. ಅದು ಎರಡು ಪದಗಳ ಜೋಡಿ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಈ ಎರಡನ್ನೂ ಒಂದೇ ಸಮಾಸದಲ್ಲಿ ಕೂಡಿಸಿಟ್ಟವರು, ಒಂದಿಲ್ಲದೆ ಇನ್ನೊಂದು ನಿಲ್ಲದೆಂಬುದನ್ನು ಚೆನ್ನಾಗಿ ಬಲ್ಲವರಾಗಿರಬೇಕು. ನಮ್ಮ ನಾಡಿನ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಮಾತುಗಳನ್ನು ಓದಿದವರಿಗೆ ಇದರ ಇನ್ನೊಂದು ಮುಖವೂ ಗೊತ್ತು. ತಾನು ಮಾಡಿದ ದಾನಕ್ಕಿಂತ, ಬೇರೆಯವರು ಮಾಡಿದ ದಾನವನ್ನು ಕಾಪಾಡಿದವನಿಗೆ ಇಮ್ಮಡಿ ಪುಣ್ಯವೆಂದು ಅವು ಸಾರುತ್ತವೆ. ಪುಣ್ಯದ ಲೆಕ್ಕವನ್ನು ನಂಬಲಿ ಬಿಡಲಿ, ಅದರ ಹಿಂದಿನ ವಿವೇಕವನ್ನು ಅಲ್ಲಗಳೆಯಲಾಗದು. ತಾನು ಮಾಡಿದುದನ್ನು ಕಾಯುವಲ್ಲಿ ಅಭಿಮಾನದ ನೆರವಿರುತ್ತದೆ. ಪರರು ಮಾಡಿದುದನ್ನು ಕಾಯುವಲ್ಲಿ ಧರ್ಮಬುದ್ಧಿಯೊಂದೇ ಆಸರೆ.

ಇದು ಬರಿಯ ಉಪದೇಶವಾಗಿಯೂ ಉಳಿಯಲಿಲ್ಲ. ಕೆರೆ ಕಟ್ಟಿಸಿದವರು ಅದರ ಮುಂದಿನ ವೆಚ್ಚಕ್ಕೂ ದಾರಿ ಮಾಡಿದರು. ದಶಬಂಧ, ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆಯ ನೀರುಂಡ ಬೆಳೆಯಲ್ಲಿ ಒಂದು ಪಾಲನ್ನೋ, ಅದಕ್ಕಾಗಿ ಬಿಟ್ಟ ಹೊಲದ ಉತ್ಪನ್ನವನ್ನೋ ಕೆರೆಯ ಕೆಲಸಕ್ಕೇ ತೆಗೆದಿರಿಸುತ್ತಿದ್ದರು. ಹೂಳು ಹೊರುವುದಕ್ಕಾಗಿಯೇ ಬಂಡಿಗಳನ್ನು ನೇಮಿಸಿದುದುಂಟು. ಕಡಪ ಜಿಲ್ಲೆಯ ಪೋರುಮಾಮಿಳ್ಳದ ದೊಡ್ಡ ಕೆರೆಯನ್ನು ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದನು. 1369ರ ಅಲ್ಲಿಯ ಶಾಸನವು ಸಾವಿರ ಕೂಲಿಗಳು, ನೂರು ಬಂಡಿಗಳು, ಎರಡು ವರ್ಷಗಳ ದುಡಿಮೆ ಎಂದು ಲೆಕ್ಕ ಕೊಡುವುದಲ್ಲದೆ, ಒಳ್ಳೆಯ ಕೆರೆಗಿರಬೇಕಾದ ಲಕ್ಷಣಗಳನ್ನೂ ಇರಬಾರದ ದೋಷಗಳನ್ನೂ ಪಟ್ಟಿ ಮಾಡಿ ಹೇಳುತ್ತದೆ. ಆರು ನೂರು ವರ್ಷಗಳ ಮೇಲೂ ಆ ಕೆರೆ ಇದೆ. ಹೊಸಪೇಟೆ ಹಂಪೆಗಳ ಸುತ್ತಿನಲ್ಲಿ ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಗದ್ದೆಗೆ ನೀರುಣಿಸುತ್ತವೆ. ಅವು ಉಳಿದದ್ದು ಕಲ್ಲಿನ ಬಲದಿಂದ ಮಾತ್ರವಲ್ಲ. ಪ್ರತಿಯೊಂದು ತಲೆಮಾರಿನವರೂ ಗುದ್ದಲಿ ಹಿಡಿದು ಕಾಲುವೆಗೆ ಇಳಿದುದರಿಂದ ಉಳಿದವು.

ಇಷ್ಟರ ಮಟ್ಟಿಗೆ ವಿಚಾರ ಸುಗಮ. ಒಂದು ಊರಿನ ಕೆರೆಗೆ ಒಂದು ಊರು ಹೊಣೆ. ಕಷ್ಟವೇಳುವುದು ಕಟ್ಟಡವು ಎಲ್ಲೆಯ ಮೇಲೆ ನಿಂತಾಗ. ನಮ್ಮ ಕೌತಾಳಂ ಸೀಮೆಯವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹಂಚಿಹೋಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೂ ಉಳಿದವು ಮೈಸೂರಿಗೂ ಸೇರಿದವು. ಅದರ ಹಿಂದಿನ ದಿನ ಆದವಾನಿಯಿಂದ ಸಿರುಗುಪ್ಪಕ್ಕೆ ಹೋಗುವುದೆಂದರೆ ಒಂದೇ ಜಿಲ್ಲೆಯೊಳಗಿನ ಪಯಣ. ಮರುದಿನ ಅದು ಎರಡು ರಾಜ್ಯಗಳ ನಡುವಿನ ಪಯಣ. ರಸ್ತೆಗೆ ಈ ಸುದ್ದಿ ಗೊತ್ತಾಗಲಿಲ್ಲ. ಗಾಡಿಯ ಗಾಲಿ ಅಲ್ಲಿಯೂ ಇಲ್ಲಿಯೂ ಒಂದೇ ಬಗೆಯಲ್ಲಿ ಅದನ್ನು ತೇಯಿಸಿತು. ಶ್ರಾವಣದಲ್ಲಿ ಉರುಕುಂದದ ಈರಣ್ಣಸ್ವಾಮಿಯ ದರ್ಶನಕ್ಕೆ ಆ ಕಡೆಯವರು ಬರುವುದು ನಿಲ್ಲಲಿಲ್ಲ. ಸಂತೆ, ಆಸ್ಪತ್ರೆ, ಬೀಗತನ, ಕನ್ನಡದ ಮುಂದಿನ ಓದು ಇವುಗಳಿಗಾಗಿ ಈ ಕಡೆಯವರು ಹೋಗುವುದೂ ನಿಲ್ಲಲಿಲ್ಲ. ಬದಲಾದುದು ಒಂದೇ: ಗುಂಡಿ ಬಿದ್ದರೆ ಯಾರಿಗೆ ಅರ್ಜಿ ಬರೆಯಬೇಕೆಂಬುದು.

ಕಟ್ಟಡಗಳು ಹೇಗೆ ಸಾಯುತ್ತವೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಸೇತುವೆ ಒಂದು ದಿನ ಬೀಳುತ್ತದೆಂದು ನಾವು ತಿಳಿದಿದ್ದೇವೆ. ಅದು ನಿಜವಲ್ಲ. ಬೀಳುವುದಕ್ಕೆ ಮೊದಲು ಹಲವು ವರ್ಷ ಅದು ಸದ್ದಿಲ್ಲದೆ ಬೀಳುತ್ತಲೇ ಇರುತ್ತದೆ. ಮಳೆಯ ನೀರು ಹರಿದುಹೋಗಲೆಂದು ಬಿಟ್ಟ ಗಂಡಿಗಳು ಮಣ್ಣಿನಿಂದ ಮುಚ್ಚುತ್ತವೆ. ನಿಂತ ನೀರು ಕಾಂಕ್ರೀಟಿನೊಳಕ್ಕೆ ಇಳಿದು ಕಬ್ಬಿಣದ ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಸೀಳಿನಲ್ಲಿ ಇನ್ನಷ್ಟು ನೀರು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಲೆಂದು ಬಿಟ್ಟ ಕೂಡುಸಂದಿಗಳಲ್ಲಿ ಕಲ್ಲುಪುಡಿ ತುಂಬಿ ಮೈ ಬಿಗಿಯುತ್ತದೆ. ಹಕ್ಕಿ ತಂದ ಅರಳಿಯ ಬೀಜ ಗೋಡೆಯ ಬಿರುಕಿನಲ್ಲಿ ಬೇರೂರುತ್ತದೆ. ಪ್ರವಾಹವು ಕಂಬದ ಬುಡದ ಮರಳನ್ನು ಕೊರೆದು ತಳಹದಿಯನ್ನು ಬಯಲಿಗೆ ತರುತ್ತದೆ. ಇವುಗಳಲ್ಲಿ ಒಂದೊಂದಕ್ಕೂ ಮೊದಲ ವರ್ಷದ ಮದ್ದು ಒಬ್ಬಿಬ್ಬರು ಆಳುಗಳ ಒಂದು ದಿನದ ಕೆಲಸ. ಇಪ್ಪತ್ತನೆಯ ವರ್ಷದ ಮದ್ದು ಹೊಸ ಸೇತುವೆ.

ಇದಕ್ಕೆ ದೂರದ ನಿದರ್ಶನ ಬೇಡ. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಅಡಿಗಲ್ಲಿಟ್ಟರು. ಮದ್ರಾಸು ಮತ್ತು ಹೈದರಾಬಾದು ಸರಕಾರಗಳು ಕೂಡಿ ಅದನ್ನು ಕಟ್ಟಿದವು. 1953ರಲ್ಲಿ ಕಾಲುವೆಗೆ ನೀರು ಬಂದಿತು. ಕಟ್ಟಿದ ಆ ಎರಡು ರಾಜ್ಯಗಳೂ ಇಂದು ಆ ರೂಪದಲ್ಲಿ ಇಲ್ಲ. ಕಟ್ಟಡ ಉಳಿಯಿತು, ಕಟ್ಟಿದವರು ಇಲ್ಲವಾದರು. ಆದುದರಿಂದಲೇ ತುಂಗಭದ್ರಾ ಮಂಡಳಿಯೆಂಬ ಸಂಸ್ಥೆ ಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಯಿತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಬಾಗಿಲು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಇತರ ಗೇಟುಗಳನ್ನೂ ತೆರೆದು, ರೈತರು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ ನೀರನ್ನು ಹೊಳೆಗೆ ಬಿಡಬೇಕಾಯಿತು. ನಿವೃತ್ತ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಐದು ತುಂಡುಗಳ ತಾತ್ಕಾಲಿಕ ಬಾಗಿಲನ್ನು ಇಳಿಸಿ, ಒಂದು ವಾರದೊಳಗೆ ನೀರನ್ನು ತಡೆದರು. ಅವರ ಧೈರ್ಯ ವಂದನೀಯ. ಆದರೆ ಬೆಲೆ ಅಷ್ಟಕ್ಕೇ ಮುಗಿಯಲಿಲ್ಲ. ಮರುವರ್ಷದ ಮುಂಗಾರಿನಲ್ಲಿ ಜಲಾಶಯವನ್ನು ತುಂಬಿಸದೆ ಸುಮಾರು 80 ಟಿಎಂಸಿಗೆ ನಿಲ್ಲಿಸಬೇಕಾಯಿತು. 2025ರ ಕೊನೆಯಲ್ಲಿ, ಎಲ್ಲ ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ ಎರಡನೆಯ ಬೆಳೆಗೆ ನೀರು ಕೊಡಲಾಗದೆಂಬ ತೀರ್ಮಾನವಾಯಿತು. ಸರಪಳಿಯ ಒಂದು ಕೊಂಡಿಯ ಸಾಲವನ್ನು ಸಾವಿರಾರು ಹೊಲಗಳು ತೀರಿಸಬೇಕಾಯಿತೆಂದರೆ ಅತಿಶಯೋಕ್ತಿಯಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಎಲ್ಲೆಯ ಮೇಲಿನ ಕಟ್ಟಡವನ್ನು ಕಾಯುವ ಹೊಣೆ ಯಾರದು? ಐದನೆಯ ತರಗತಿಯ ಮಕ್ಕಳಿಗೆ ಇದನ್ನು ಒಮ್ಮೆ ಕೇಳಿದೆ. ಯಾರ ನೆಲದಲ್ಲಿದೆಯೋ ಅವರದು ಎಂದನು ಒಬ್ಬ. ಯಾರಿಗೆ ಅದರಿಂದ ಲಾಭವೋ ಅವರು ಮಾಡಲಿ ಎಂದಳು ಇನ್ನೊಬ್ಬಳು. ಮೂರನೆಯವನು ತಡೆತಡೆದು, ಮೊದಲು ಯಾರು ನೋಡಿದರೋ ಅವರು ಹೇಳಬೇಕು ಸಾರ್ ಎಂದನು. ದೊಡ್ಡವರ ನ್ಯಾಯಸಭೆಗಳಲ್ಲಿ ನಡೆಯುವ ವಾದಗಳೂ ಈ ಮೂರನ್ನು ಮೀರಿ ಹೆಚ್ಚು ದೂರ ಹೋಗುವುದಿಲ್ಲ. ಇವನ್ನು ನೆಲದ ನ್ಯಾಯ, ಫಲದ ನ್ಯಾಯ, ಕಣ್ಣಿನ ನ್ಯಾಯ ಎಂದು ಕರೆಯೋಣ.

ನೆಲದ ನ್ಯಾಯ ಸರಳವಾಗಿ ಕಾಣುತ್ತದೆ. ಆದರೆ ನಮ್ಮ ಹತ್ತಿರದ ರಾಜೋಳಿಬಂಡೆಯ ಒಡ್ಡನ್ನು ನೋಡಿರಿ. ಒಡ್ಡಿನ ಎಡತುದಿ ಕರ್ನಾಟಕದ ರಾಯಚೂರು ಜಿಲ್ಲೆಯಲ್ಲಿದೆ. ಬಲತುದಿ ಕೋಸಿಗಿಯ ಕಡೆ ನಮ್ಮ ಕರ್ನೂಲು ಜಿಲ್ಲೆಯಲ್ಲಿದೆ. ಎಡದಂಡೆಯಿಂದ ಹೊರಡುವ 143 ಕಿಲೋಮೀಟರು ಕಾಲುವೆಯಲ್ಲಿ ಮೊದಲ ಸುಮಾರು 43 ಕಿಲೋಮೀಟರು ಮಾತ್ರ ಕರ್ನಾಟಕದ್ದು, ಉಳಿದುದು ತೆಲಂಗಾಣದ್ದು. ಯೋಜನೆಯ ಪ್ರಕಾರ ಕರ್ನಾಟಕದಲ್ಲಿ ಅದು ನೀರುಣಿಸುವ ಭೂಮಿ ಆರು ಸಾವಿರ ಎಕರೆಗೂ ಕಡಿಮೆ. ತೆಲಂಗಾಣದಲ್ಲಿ 87,500 ಎಕರೆ. ನೆಲದ ನ್ಯಾಯವನ್ನೇ ಹಿಡಿದರೆ, ಕಾಲುವೆಯ ತಲೆಯನ್ನು ತನಗೆ ಅಲ್ಪ ಫಲ ಕೊಡುವವನು ಕಾಯಬೇಕು. ಬಹುಫಲ ಉಣ್ಣುವವನು ಕಾಯುವಂತೆಯೇ ಇಲ್ಲ. ತಲೆಯಲ್ಲಿ ಹೂಳು ತುಂಬಿದರೆ ಬಾಲದಲ್ಲಿ ಬಾಯಾರಿಕೆ. ಬರಿಯ ನೆಲದ ನ್ಯಾಯದಿಂದ ಇಂತಹ ಕಟ್ಟಡ ಬದುಕದು.

ಹಾಗಾದರೆ ಫಲದ ನ್ಯಾಯವೇ? ಇದು ಹೆಚ್ಚು ಮೇಲು. ಲಾಭಕ್ಕೆ ತಕ್ಕ ಪಾಲನ್ನು ವೆಚ್ಚದಲ್ಲಿ ಹೊರುವುದು ಮನಸ್ಸಿಗೂ ಒಪ್ಪುತ್ತದೆ, ಲೆಕ್ಕಕ್ಕೂ ಒಪ್ಪುತ್ತದೆ. ದಶಬಂಧದ ತಿರುಳೂ ಇದೇ. ಎಲ್ಲೆಲ್ಸಿ ಎಂದು ಜನರ ಬಾಯಲ್ಲಿರುವ ತುಂಗಭದ್ರೆಯ ಕೆಳಮಟ್ಟದ ಕಾಲುವೆ ಸುಮಾರು 250 ಕಿಲೋಮೀಟರು ಕರ್ನಾಟಕದಲ್ಲಿ ಹರಿದು ನಮ್ಮ ಕಡೆಗೆ ಬರುತ್ತದೆ. ಅಷ್ಟುದ್ದ ಅದನ್ನು ಮಂಡಳಿ ನೋಡಿಕೊಳ್ಳುತ್ತದೆ, ವೆಚ್ಚವನ್ನು ರಾಜ್ಯಗಳು ಹಂಚಿಕೊಳ್ಳುತ್ತವೆ. ಆದರೂ ಫಲದ ನ್ಯಾಯಕ್ಕೆ ಎರಡು ಕೊರತೆಗಳಿವೆ. ಮೊದಲನೆಯದು, ಹಣ ಕೊಟ್ಟ ಮಾತ್ರಕ್ಕೆ ಕೆಲಸ ನಡೆಯುವುದಿಲ್ಲ. ರಾಜೋಳಿಬಂಡೆಯ ದುರಸ್ತಿ ಹಲವು ಸಲ ನಿಂತುದು ಹಣದ ಅಭಾವದಿಂದ ಮಾತ್ರವಲ್ಲ. ದುರಸ್ತಿಯ ನೆವದಲ್ಲಿ ಒಡ್ಡು ಎತ್ತರವಾದರೆ ತಮ್ಮ ನೀರಿಗೆ ಕುತ್ತು ಬಂದೀತೆಂದು ಎದುರುದಡದವರಿಗೆ ಭಯ. ಒಡ್ಡು ಹೀಗೆಯೇ ಸವೆದರೆ ತಮ್ಮ ಪಾಲು ಸೋರಿಹೋದೀತೆಂದು ಕಾಲುವೆಯ ಬಾಲದವರಿಗೆ ಭಯ. ಎರಡು ಭಯಗಳ ನಡುವೆ ಸವೆಯುವುದು ಕಲ್ಲು. ನಂಬಿಕೆಯ ದುರಸ್ತಿಯಾಗದೆ ಗಾರೆಯ ದುರಸ್ತಿಯಾಗದು. ಎರಡನೆಯದು, ಲಾಭವು ಎಲ್ಲರಿಗೂ ಹಂಚಿಹೋದಷ್ಟೂ ಒಬ್ಬೊಬ್ಬನ ಚಿಂತೆ ತೆಳ್ಳಗಾಗುತ್ತದೆ. ತನ್ನ ಪಾಲಿನ ಹಣ ಕಟ್ಟಿದವನು ತನ್ನ ಪಾಲಿನ ಧರ್ಮವೂ ತೀರಿತೆಂದು ನಿದ್ರಿಸುತ್ತಾನೆ.

ಇಲ್ಲಿ ಮೂರನೆಯ ಹುಡುಗನ ಮಾತು ನೆರವಿಗೆ ಬರುತ್ತದೆ. ವೆಚ್ಚವನ್ನು ಭಾಗಿಸಬಹುದು, ಎಚ್ಚರವನ್ನು ಭಾಗಿಸಲಾಗದು. ನೂರು ರೂಪಾಯಿಯಲ್ಲಿ ಅರುವತ್ತು ನಿನ್ನದು, ನಲವತ್ತು ನನ್ನದು ಎನ್ನಬಹುದು. ನೂರು ಬಿರುಕುಗಳಲ್ಲಿ ಅರುವತ್ತನ್ನು ನೀನು ನೋಡು, ನಲವತ್ತನ್ನು ನಾನು ನೋಡುತ್ತೇನೆ ಎಂದರೆ ಸೇತುವೆಯು ನಗುತ್ತದೆ. ಅದಕ್ಕೆ ಬೀಳಲು ಒಂದೇ ಬಿರುಕು ಸಾಕು. ಇದನ್ನು ಚೆನ್ನಾಗಿ ಬಲ್ಲುದು ರೈಲ್ವೆ. ಮುಂಬಯಿಯ ಕಡೆಯ ದಾರಿಯೂ ಮದ್ರಾಸಿನ ಕಡೆಯ ದಾರಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ರಾಯಚೂರಿಗೂ ಆದವಾನಿಗೂ ನಡುವೆ ತುಂಗಭದ್ರೆಯನ್ನು ದಾಟಿ ಗಾಡಿಗಳು ಓಡುತ್ತಿವೆ. ಆ ಹೊಳೆಯ ಎರಡು ದಡಗಳಲ್ಲಿ ಎಷ್ಟು ಸಲ ಸರಕಾರಗಳ ಹೆಸರು ಬದಲಾಯಿತು! ಹಳಿಗೆ ಗಡಿಯಿಲ್ಲ. ಅದರ ಒಂದೊಂದು ಮೈಲಿಗೂ ಹೊಣೆಗಾರ ತಂಡವೊಂದು ಇರುತ್ತದೆ. ಸುತ್ತಿಗೆ ಹಿಡಿದು, ಬಿಸಿಲಿರಲಿ ಮಂಜಿರಲಿ, ಹಳಿಯನ್ನು ನೋಡುತ್ತ ನಡೆಯುವ ಆ ಕೀಲಿದಾರನು ಹೊಳೆಯ ನಡುವೆ ನಿಂತು ‘ಇಲ್ಲಿಂದಾಚೆ ನನ್ನದಲ್ಲ’ ಎನ್ನುವುದಿಲ್ಲ.

ಹಾಗೆಂದು ಕಣ್ಣಿನ ನ್ಯಾಯವನ್ನು ಎಳೆದಾಡಬಾರದು. ಹತ್ತಿರವಿದ್ದು ನೋಡಿದವನ ತಲೆಗೇ ಎಲ್ಲ ವೆಚ್ಚವನ್ನೂ ಕಟ್ಟುವುದು ಅನ್ಯಾಯ. ಗಡಿಯ ಹಳ್ಳಿಯ ಬಡವನು ಬಿರುಕನ್ನು ಕಂಡರೆ ಅದನ್ನು ಹೇಳುವುದು ಅವನ ಧರ್ಮ. ಕೇಳುವುದು ಅಧಿಕಾರದಲ್ಲಿರುವವರ ಧರ್ಮ. ಹಣ ಹೊಂದಿಸುವುದು ಫಲ ಉಂಡವರೆಲ್ಲರ ಧರ್ಮ. ಹೇಳಿದವನನ್ನು ‘ಇದು ನಮ್ಮ ವ್ಯಾಪ್ತಿಯಲ್ಲ, ಆ ಕಡೆ ಹೋಗು’ ಎಂದು ಅಟ್ಟುವುದು ಮಾತ್ರ ಯಾವ ನ್ಯಾಯಕ್ಕೂ ಒಪ್ಪದು. ಆ ಕಡೆಗೆ ತಾನೇ ಒಂದು ಕಾಗದ ಬರೆಯುವಷ್ಟು ಕೆಲಸ ಪ್ರತಿಯೊಂದು ಕಚೇರಿಯ ವ್ಯಾಪ್ತಿಯಲ್ಲಿಯೂ ಇದ್ದೇ ಇದೆ.

ಬಡ ನಾಡು ಮೊದಲು ಇಲ್ಲದುದನ್ನು ಕಟ್ಟಿಕೊಳ್ಳಲಿ, ಕಾಯುವ ಮಾತು ಆಮೇಲೆ ಎಂದು ಆಕ್ಷೇಪಿಸುವವರುಂಟು. ಸೇತುವೆಯಿಲ್ಲದ ಹಳ್ಳಿಯ ಗರ್ಭಿಣಿಗೆ, ಇದ್ದ ಸೇತುವೆಗೆ ಬಣ್ಣ ಬಳಿಯುವುದರಿಂದ ಏನು ಸುಖ? ಈ ಆಕ್ಷೇಪದಲ್ಲಿ ಕರುಣೆಯಿದೆ, ಆದುದರಿಂದ ಅದನ್ನು ಹಗುರವಾಗಿ ತಳ್ಳಬಾರದು. ಆದರೆ ಲೆಕ್ಕ ತಪ್ಪಿದೆ. 2022ರ ಅಕ್ಟೋಬರಿನಲ್ಲಿ ವೇದಾವತಿಯ ಪ್ರವಾಹಕ್ಕೆ ಸಿಕ್ಕಿ ಬಳ್ಳಾರಿ ತಾಲ್ಲೂಕಿನಲ್ಲಿ ಎಲ್ಲೆಲ್ಸಿಯ ಮೇಲ್ಗಾಲುವೆಯ ಕಂಬವೊಂದು ಕುಸಿದಾಗ, ದುರಸ್ತಿಯಾಗುವವರೆಗೆ ಮುಂದಿನ ಕಾಲುವೆಯೆಲ್ಲ ಬತ್ತಿತು; ಎರಡೂ ರಾಜ್ಯಗಳಲ್ಲಿ ನಿಂತ ಬೆಳೆ ಬಾಡುವ ಹೊತ್ತು ಬಂದಿತು. ಕಂಬವೊಂದು ಕುಸಿದರೆ ನೂರಾರು ಹಳ್ಳಿಗಳು ಒಮ್ಮೆಗೇ ಕಾಲುವೆಯಿಲ್ಲದ ಹಳ್ಳಿಗಳಾಗುತ್ತವೆ. ಕಾಯದೆ ಕಟ್ಟುವವನು ತೂತಿನ ಕೊಡಕ್ಕೆ ನೀರು ಸೇದುವವನು. ಜಲಾಶಯದ ಕಥೆಯೂ ಇದೇ: ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದುದು ಹೂಳಿನಿಂದಾಗಿ ಸುಮಾರು 106ಕ್ಕೆ ಇಳಿಯಿತು. ಬಡವನಿಗೆ ಕ್ಷೇಮಧರ್ಮವು ಸಿರಿವಂತನಿಗಿಂತ ಹೆಚ್ಚು ಅಗತ್ಯ. ಏಕೆಂದರೆ ಮತ್ತೊಮ್ಮೆ ಕಟ್ಟುವ ಶಕ್ತಿ ಅವನಿಗಿಲ್ಲ.

ಕಾಯಬೇಕಾದುದು ಕಲ್ಲು ಕಬ್ಬಿಣಗಳನ್ನು ಮಾತ್ರವೂ ಅಲ್ಲ. ಅಣೆಕಟ್ಟಿನ ಪಕ್ಕದ ಹೊಸಪೇಟೆಯಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಾರ್ಖಾನೆಯಿತ್ತು. ಗೇಟುಗಳನ್ನು ಮಾಡುವುದೇ ಅದರ ಕಸುಬು. ಅದನ್ನು ಮುಚ್ಚಲು 2015ರಲ್ಲಿ ಕೇಂದ್ರ ಸರಕಾರ ನಿರ್ಧರಿಸಿತು. ಕಾರ್ಖಾನೆಗೆ ನಷ್ಟವಿದ್ದೀತು, ಮುಚ್ಚಲು ಕಾರಣವಿದ್ದೀತು. ಆದರೂ 2024ರಲ್ಲಿ ಗೇಟು ಹೋದಾಗ ಹುಡುಕಿದ್ದು ಯಾರನ್ನು? ನಿವೃತ್ತರಾದ ಹಿರಿಯರನ್ನು. ತಿಳಿವಳಿಕೆಯು ಕಡತದಲ್ಲಿ ಉಳಿಯುವುದಿಲ್ಲ. ಕೈಯಿಂದ ಕೈಗೆ ದಾಟಿದರೆ ಉಳಿಯುತ್ತದೆ. ಕಾಯುವವರ ಪರಂಪರೆಯನ್ನು ಕಾಯದೆ ಕಟ್ಟಡವನ್ನು ಕಾಯಲಾಗದು.

ವಿಶಾಲ ಪ್ರಪಂಚವೂ ಇದೇ ಪಾಠವನ್ನು ಕಲಿಯುತ್ತಿದೆ. ಡ್ಯಾನ್ಯೂಬ್ ನದಿಯ ಮೇಲೆ ರುಮೇನಿಯಕ್ಕೂ ಬಲ್ಗೇರಿಯಕ್ಕೂ ನಡುವೆ 1954ರಲ್ಲಿ ತೆರೆದ ಸ್ನೇಹಸೇತುವೆಯಲ್ಲಿ ಒಂದೊಂದು ದೇಶವೂ ತನ್ನ ಭಾಗವನ್ನು ತಾನು ದುರಸ್ತಿ ಮಾಡುತ್ತದೆ. ಒಂದು ಭಾಗ ಕೆಟ್ಟರೆ ಇನ್ನೊಂದು ಭಾಗ ಚೆನ್ನಾಗಿದ್ದೂ ಪ್ರಯೋಜನವಿಲ್ಲವೆಂಬುದು ಇಬ್ಬರಿಗೂ ಗೊತ್ತು. ಹಿಮಾಲಯದ ಮಡಿಲಿನ ರಸುವಾಗಢಿಯಲ್ಲಿ ನೇಪಾಳವನ್ನೂ ಚೀನವನ್ನೂ ಕೂಡಿಸಿದ್ದ ಮಿತೇರಿ ಸೇತುವೆಯನ್ನು 2025ರ ಜುಲೈ 8ರ ಪ್ರವಾಹ ಕೊಚ್ಚಿಕೊಂಡು ಹೋಯಿತು. ಮಿತೇರಿಯೆಂದರೆ ಮೈತ್ರಿ. ಪ್ರಕೃತಿಯ ಆ ಪೆಟ್ಟನ್ನು ಯಾವ ಕಾವಲೂ ತಡೆಯುತ್ತಿರಲಿಲ್ಲವೇನೋ. ಆದರೆ ಸೇತುವೆ ಹೋದ ಮರುದಿನ ಎರಡೂ ಕಡೆ ನಿಂತುಹೋದ ಲಾರಿಗಳು ಒಂದು ಸತ್ಯವನ್ನು ಹೇಳಿದವು: ಗಡಿಯ ಕಟ್ಟಡವೆಂದರೆ ಮೈತ್ರಿಯ ದೇಹ. ದೇಹವಿಲ್ಲದ ಮೈತ್ರಿ ಭಾಷಣದಲ್ಲಿ ಮಾತ್ರ ಬದುಕುತ್ತದೆ.

ಇದರಲ್ಲಿ ಶಾಲೆಯ ಪಾಲೇನು ಎಂದು ಸಹೋದರ ಶಿಕ್ಷಕರು ಕೇಳಬಹುದು. ಗಡಿಯೀಚೆಯ ಕನ್ನಡ ಶಾಲೆಯೂ ಒಂದು ಸೇತುವೆಯೇ. ಅದನ್ನು ಕಟ್ಟಿದವರು ನಾವಲ್ಲ. ಎರಡು ಕಡೆಯವರಿಗೂ ಬೇಕಾದುದು, ಆದುದರಿಂದಲೇ ಎರಡು ಕಡೆಯವರೂ ‘ಆ ಕಡೆಯವರು ನೋಡಲಿ’ ಎನ್ನಬಹುದಾದುದು. ಅದು ಮುಚ್ಚುವುದೂ ಒಂದು ದಿನದಲ್ಲಿ ಅಲ್ಲ. ಪುಸ್ತಕ ತಡವಾದ ವರ್ಷ, ಹುದ್ದೆ ಖಾಲಿ ಉಳಿದ ವರ್ಷ, ಹಾಜರಿಪಟ್ಟಿಯಲ್ಲಿ ಎರಡು ಹೆಸರು ಕಡಿಮೆಯಾದ ವರ್ಷ, ಹೀಗೆ ಬಿರುಕು ಬಿರುಕಾಗಿ ಮುಚ್ಚುತ್ತದೆ. ಆ ಬಿರುಕುಗಳನ್ನು ಮೊದಲು ಕಾಣುವ ಕಣ್ಣು ನಮ್ಮದು.

ಇನ್ನು ಮಕ್ಕಳಿಗೆ ಕಲಿಸುವುದು ಬಹಳವೇನಲ್ಲ. ಹರಿದ ಪುಸ್ತಕಕ್ಕೆ ಅಂಟು ಹಾಕುವುದು, ಕಪ್ಪುಹಲಗೆಗೆ ವರ್ಷಕ್ಕೊಮ್ಮೆ ಮಸಿ ಬಳಿಯುವುದು, ಶಾಲೆಯ ನಲ್ಲಿ ಸೋರಿದರೆ ಕಂಡವನೇ ಬಂದು ಹೇಳುವುದು. ಹಿಂದಿನ ವರ್ಷದ ಹುಡುಗರು ನೆಟ್ಟ ಬೇವಿನ ಗಿಡಕ್ಕೆ ಈ ವರ್ಷದ ಹುಡುಗರು ನೀರೆರೆಯುವುದನ್ನು, ಹೊಸ ಗಿಡ ನೆಡುವುದಕ್ಕಿಂತ ಕಿರಿದಾದ ಕೆಲಸವೆಂದು ನಾವು ಎಂದೂ ಹೇಳದಿರೋಣ. ಅಂತಹ ಮಕ್ಕಳಲ್ಲಿ ಒಬ್ಬನು ಮುಂದೆ ಎಂಜಿನಿಯರನಾಗಬಹುದು, ಒಬ್ಬಳು ಕಚೇರಿಯಲ್ಲಿ ಕಡತ ನೋಡಬಹುದು, ಬಹುಮಂದಿ ಹೊಲದಲ್ಲಿ ದುಡಿಯಬಹುದು. ಗಡಿಯ ಸೇತುವೆಯ ಮೇಲೆ ನಡೆಯುತ್ತ ಬಿರುಕನ್ನು ಕಂಡ ದಿನ, ಅದು ಯಾರ ಕಡೆಯದೆಂದು ಮೊದಲು ಅಳೆಯದೆ, ಅದನ್ನು ಹೇಳಬೇಕಾದವರಿಗೆ ಹೇಳುವ ಮನಸ್ಸು ಅವರಿಗಿದ್ದರೆ ಸಾಕು. ಹೊಳೆಗೆ ಎರಡು ದಡ, ನಾಡಿಗೆ ಎರಡು ಹೆಸರು ಇರಬಹುದು. ಕಾಯುವ ಧರ್ಮಕ್ಕೆ ಎಲ್ಲೆಯಿಲ್ಲ.